ಒಲೆಮನೆ, ರೈಲುಬೋಗಿ, ಇಗ್ಲೂ

ಕಳೆದ ತಿಂಗಳು ನಮ್ಮ ಇಲಾಖೆಯವರು ಎರಡು ದಿನದ ತರಬೇತಿಯನ್ನು ಶಿರಾ ದಾಟಿ ತಾವರೆಕೆರೆ ಕಡೆ ಹೈವೇ ಪಕ್ಕದಲ್ಲಿರುವ ಆ ರೆಸಾರ್ಟಿನಲ್ಲೇ ಇಟ್ಟುಕೊಂಡಿದ್ದಾರೆಂದು ಗೊತ್ತಾದಾಗ, ಹೊಟ್ಟೆನೋವೆಂದು ಹೇಳಿ ತಪ್ಪಿಸಿಕೊಳ್ಳೋಣ ಎನಿಸಿತು. ಹೇಳಲಿಲ್ಲ. ನಾನು ಪುರವರ ಸುತ್ತಿನ ಅಂಗನವಾಡಿಗಳ ಮೇಲ್ವಿಚಾರಕಿ. ಮಕ್ಕಳ ತೂಕ ನೋಡುವುದು, ಯಾವ ವಯಸ್ಸಿಗೆ ಎಷ್ಟು ಉಣ್ಣಿಸಬೇಕೆಂದು ತಾಯಂದಿರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಮಗು ಮುಖ ತಿರುಗಿಸಿದರೆ ಬಲವಂತ ಮಾಡಬೇಡಿ ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ. ಆ ಮಾತು ಹೇಳುವಾಗ ನನ್ನ ನಾಲಿಗೆ ತಡವರಿಸಲು ಶುರುವಾದದ್ದು ಆ ರೆಸಾರ್ಟಿನಿಂದಲೇ.

ಗೇಟು ದಾಟುತ್ತಿದ್ದಂತೆ ಅದೇ ವಾಸನೆ ಮೂಗಿಗೆ ಬಡಿಯಿತು. ಈಜುಕೊಳದ ಬ್ಲೀಚಿಂಗ್ ಪೌಡರಿನ ನೀರು, ಅದರ ಜೊತೆಗೆ ಎಲ್ಲೋ ಕಾಯುತ್ತಿರುವ ಎಣ್ಣೆ. ಕಾಲು ತಾನಾಗಿಯೇ ನಿಂತಿತು.

"ಏನ್ ಮೇಡಂ, ತಲೆ ಸುತ್ತಾ?" ಎಂದಳು ಜೊತೆಗಿದ್ದ ಕಾರ್ಯಕರ್ತೆ.

"ಇಲ್ಲ ಕಣಮ್ಮ, ಬಿಸ್ಲು," ಎಂದೆ.

ಹಿಮದ ಮನೆಯಂತೆ ಕಟ್ಟಿ ಐಸ್‌ಕ್ರೀಮ್ ಮಾರುತ್ತಿದ್ದ ಇಗ್ಲೂ ಈಗ ಪ್ಲಾಸ್ಟಿಕ್ ಕುರ್ಚಿ ಪೇರಿಸುವ ಗೋಡೌನಾಗಿದೆ. ಅದರ ಬಿಳಿ ಗುಮ್ಮಟ ಬಿಸಿಲಿಗೆ ಹಳದಿ ತಿರುಗಿ, ಒಂದು ಕಡೆ ಸೀಳು ಬಿಟ್ಟಿದೆ. ಬಾಗಿಲ ಬಳಿ ನಿಲ್ಲಿಸಿದ್ದ ಪೆಂಗ್ವಿನ್ ಗೊಂಬೆಗೆ ಕೊಕ್ಕಿಲ್ಲ. ಆರು ವರ್ಷದ ಹಿಂದೆ ಒಂದು ಬೇಸಿಗೆ ಪೂರ್ತಿ, ತಿಂಗಳಿಗೆ ಎರಡು ಭಾನುವಾರ, ಸಂಜೆ ನಾಲ್ಕಕ್ಕೆ ನಾನು ಆ ಪೆಂಗ್ವಿನ್ನಿನ ಪಕ್ಕದ ಮೇಜಿಗೇ ಕೂರುತ್ತಿದ್ದೆ. ಎದುರಿಗೆ ನನ್ನ ತಮ್ಮನ ಮಗಳು ಇಂಚರ.

ನನ್ನ ತಮ್ಮ ಲೋಕೇಶ ಮಧುಗಿರಿಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟುಕೊಂಡಿದ್ದಾನೆ. ಪಾವಗಡದ ಅನಿತಾಳನ್ನು ತಂದುಕೊಂಡಿದ್ದೆವು. ಏಳು ವರ್ಷ ಸಂಸಾರ ಮಾಡಿ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೊರಟುಹೋದಳು. ತಪ್ಪು ಯಾರದೆಂದು ಆಗ ಕೇಳಿದ್ದರೆ ಉಸಿರು ಬಿಡದೆ ಒಂದು ಗಂಟೆ ಹೇಳುತ್ತಿದ್ದೆ. ಈಗ ಹೇಳುವುದು ಇಷ್ಟೇ: ನನ್ನ ತಮ್ಮ ಬಾಯಿಬಿಟ್ಟು ಮಾತಾಡುವವನಲ್ಲ, ಅವಳು ಮಾತಿಲ್ಲದ ಮನೆಯಲ್ಲಿ ಬದುಕುವವಳಲ್ಲ. ವಿಷಯ ಕೋರ್ಟಿಗೆ ಹೋಯಿತು. ಮಗುವಿಗೆ ಆಗ ಆರು ವರ್ಷ. ತಿಂಗಳಲ್ಲಿ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆ ಮಗುವನ್ನು ನೋಡಬಹುದು ಎಂದಾಯಿತು. ಜೂನ್ ತಿಂಗಳಲ್ಲಿ ಮತ್ತೆ ವಿಚಾರಣೆ. ಆಗ ಮಗುವನ್ನೇ ಒಳಗೆ ಕರೆದು ಕೇಳುತ್ತಾರೆ, ಮಗು ಖುಷಿಯಿಂದ ಒಪ್ಪಿದರೆ ದಸರಾ ರಜೆಗೆ ಮಧುಗಿರಿಯ ಮನೆಗೇ ಕರೆತರಬಹುದು ಎಂದು ನಮ್ಮ ವಕೀಲರು ಹೇಳಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕ್ಯಾಲೆಂಡರಿಗೆ ಬೇರೆ ತಿಂಗಳೇ ಇಲ್ಲದಂತಾಯಿತು. ಎಲ್ಲದಕ್ಕೂ ಜೂನ್, ಜೂನ್.

ನನಗೆ ಮಕ್ಕಳಿಲ್ಲ. ಇಂಚರ ಹುಟ್ಟಿದ ಮೇಲೆ ಆ ಮಾತು ನೆನಪಾಗುವುದೇ ನಿಂತಿತ್ತು. ಅವಳು ಹೋದ ಮೇಲೆ ದಿನಾ ನೆನಪಾಗತೊಡಗಿತು.

ಮಗುವನ್ನು ನಮ್ಮ ಮನೆಗೆ ಕಳಿಸಲು ಅನಿತಾ ಒಪ್ಪಲಿಲ್ಲ. ಪಾವಗಡಕ್ಕೆ ಹೋಗಿ ಬೀಗರ ಜಗಲಿಯ ಮೇಲೆ ಕೂರಲು ಲೋಕೇಶ ಒಪ್ಪಲಿಲ್ಲ. ಮೊದಲ ಭೇಟಿ ಕೋರ್ಟಿನ ಆವರಣದ ಕಲ್ಲುಬೆಂಚಿನ ಮೇಲಾಯಿತು. ಮಗು ಅಪ್ಪನ ಅಂಗಿಯ ಗುಂಡಿಗಳನ್ನೇ ನೋಡುತ್ತ ಕೂತಿತ್ತು, ಅಪ್ಪ ನೆಲ ನೋಡುತ್ತ ಕೂತಿದ್ದ. ಮನೆಗೆ ಬಂದವನೇ ರೆಸಾರ್ಟಿನ ಮಾತೆತ್ತಿದ.

"ಜಾರೋ ಬಂಡೆ ಐತೆ, ನೀರೈತೆ, ಮೂರ್ ಹೋಟ್ಲೈತೆ. ಅಲ್ಲಾದ್ರೆ ಮಗ ಖುಷಿಯಾಗಿರ್ತದೆ ಕಣಕ್ಕ. ಖುಷಿಯಾದ್ರೆ ನಮ್ಮನೇಗೂ ಬತ್ತೀನಿ ಅಂತ ಅದೇ ಬಾಯ್ಬುಟ್ಟು ಹೇಳ್ತದೆ."

ಶಿವರಾತ್ರಿ ಕಳೆದ ಮೊದಲ ಭಾನುವಾರ ಹೊರಟೆವು. ಲೋಕೇಶ, ನಾನು, ನಮ್ಮಮ್ಮ ಗಂಗಮ್ಮ. ಅಮ್ಮ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕಿಕೊಳ್ಳುವವಳಲ್ಲ, ಹೊರಗಿನ ಊಟ ಮುಟ್ಟುವವಳಲ್ಲ. ನನ್ನ ಮದುವೆಯ ಜವಳಿಗೆಂದು ತುಮಕೂರಿಗೆ ಹೋದಾಗಲೂ ಇಡೀ ದಿನ ಎರಡು ಬಾಳೆಹಣ್ಣಿನಲ್ಲಿ ಕಳೆದವಳು. ಅವತ್ತು ನಾಲ್ಕು ಗಂಟೆಗೇ ಎದ್ದು ಪೂಜೆ ಮುಗಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ತುಪ್ಪ, ರವೆಉಂಡೆ ಎಲ್ಲ ಕಟ್ಟಿಕೊಂಡಿದ್ದಳು. ಬಡವನಹಳ್ಳಿ ಬರುವಷ್ಟರಲ್ಲಿ ಕಾರಿನ ತುಂಬ ತುಪ್ಪದ ಘಮ.

ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಬೀಗರ ಹಳೆಯ ಬಿಳಿ ಕಾರು ನಿಂತಿತ್ತು. ಅನಿತಾಳ ಅಪ್ಪ ರುದ್ರಪ್ಪನವರು ಮಗುವಿನ ಕೈ ಹಿಡಿದು ಇಳಿದರು. ಒಂದು ಪುಟ್ಟ ಚೀಲ ನನ್ನ ಕೈಗೆ ಕೊಟ್ಟರು.

"ಈಜೋ ಬಟ್ಟೆ ಐತೆ ಇದ್ರಾಗೆ. ನೀರಾಟ ಅಂದ್ರೆ ಇದಕ್ಕೆ ಪ್ರಾಣ. ಐದು ಗಂಟೆಗೆ ನಾನಿಲ್ಲೇ ಇರ್ತೀನಿ," ಎಂದರು. ಆಮೇಲೆ ಮಗುವಿನ ತಲೆ ಸವರಿ, "ವೆಳ್ಳಿ ರಾ ತಲ್ಲೀ," ಹೋಗಿ ಬಾ ತಾಯಿ ಎಂದು ತೆಲುಗಿನಲ್ಲಿ ಹೇಳಿ ಕಳಿಸಿದರು.

ನೀವೂ ಒಳಗೆ ಬನ್ನಿ ಎಂದು ನಾವು ಕರೆಯಲಿಲ್ಲ. ಅವರು ಆ ಬೇಸಿಗೆಯ ಎಲ್ಲ ಭಾನುವಾರಗಳನ್ನೂ ಆ ಮರದ ಕೆಳಗೇ ಕಳೆದರು.

ಗೇಟಿನಲ್ಲಿ ಚೀಲ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಕಾವಲಿನವನು ಅಮ್ಮನ ಬುಟ್ಟಿ ತಡೆದ.

"ನನ್ ಮೊಮ್ಮಗೀಗೆ ನಾ ಮಾಡ್ಕಂಡ್ ಬಂದಿರೋದು ಕಣಪ್ಪ. ಇದ್ರಾಗೇನು ಬಾಂಬ್ ಮಡಗಿದ್ದೀನಾ?"

"ರೂಲ್ಸ್ ಅಜ್ಜಿ," ಎಂದ ಅವನು.

ಬುಟ್ಟಿ ವಾಪಸ್ಸು ಕಾರಿಗೆ ಹೋಯಿತು. ಅಮ್ಮನ ಮುಖ ನೋಡಲಾಗಲಿಲ್ಲ. ನಾಲ್ಕು ತಿಂಗಳಿಂದ ಕಾಣದ ಮೊಮ್ಮಗಳಿಗೆ ಒಂದು ತುತ್ತು ಇಡಲಿಲ್ಲವೆಂದರೆ ಅವಳ ಲೆಕ್ಕದಲ್ಲಿ ಆ ಮಗುವನ್ನು ನೋಡಿಯೇ ಇಲ್ಲ. ನಮ್ಮ ಮನೆಯಲ್ಲಿ ಪ್ರೀತಿಗೆ ಬೇರೆ ಭಾಷೆ ಯಾವತ್ತೂ ಇರಲಿಲ್ಲ. ನಾವು ಯಾರೂ ಯಾರನ್ನೂ ಅಪ್ಪಿಕೊಂಡವರಲ್ಲ. ತಟ್ಟೆಗೆ ಇನ್ನೊಂದು ಹಾಕುತ್ತೇವೆ, ಅಷ್ಟೇ.

ಒಳಗೆ ಜಾರುಬಂಡೆಗಳ ಪಕ್ಕದಲ್ಲೇ ಹಳ್ಳಿಮನೆಯಂತೆ ಕಟ್ಟಿದ ಒಂದು ಹೋಟೆಲಿತ್ತು. ಹೆಸರು ಒಲೆಮನೆ. ಕೆಂಪು ಸಾರಣೆ, ಹೆಂಚು, ಮುಂದುಗಡೆ ಸೌದೆ ಒಲೆ, ಅದರ ಮೇಲೆ ಮುದ್ದೆ ತೊಳಸುವ ಹೆಂಗಸು. ಅಮ್ಮ ಸೀದಾ ಒಲೆಯ ಹತ್ತಿರ ಹೋಗಿ ನಿಂತಳು.

"ಇಲ್ಲಿ ಮೊಟ್ಟೆ ಗಿಟ್ಟೆ ಬೇಯ್ಸಲ್ವೇನವ್ವ?"

"ಇಲ್ಲ ಕಣಜ್ಜಿ, ಅದೆಲ್ಲ ಆ ಕಡೆ ಅಡಿಗೆಮನೆ. ಇಲ್ಲಿ ಬರೀ ಮುದ್ದೆ, ಸೊಪ್ಪಿನ್ ಸಾರು, ಅನ್ನ, ಮಜ್ಜಿಗೆ."

"ಪಾತ್ರೆ?"

"ಪಾತ್ರೇನೂ ಬ್ಯಾರೇನೆಯ."

ಆ ಹೆಂಗಸು ಕೊರಟಗೆರೆ ಕಡೆಯವಳು. ಅವಳ ಊರು, ಕುಲ, ಮನೆದೇವರು ಎಲ್ಲ ವಿಚಾರಿಸಿ ಮುಗಿಸಿದ ಮೇಲೆ ಅಮ್ಮ ಕಂಬಳಿ ಹಾಸಿದ ಜಗಲಿಯ ಮೇಲೆ ಕೂತಳು. ಎಪ್ಪತ್ತು ವರ್ಷದ ಮಡಿ ಆ ಮಗುವಿಗೋಸ್ಕರ ಹನ್ನೊಂದೂವರೆಗೆ ಮುರಿಯಿತು. ತಾನೊಂದು ತುತ್ತು ಉಂಡು, ಮುದ್ದೆಯ ಇನ್ನೊಂದು ಚೂರು ಮುರಿದು ಸಾರಿನಲ್ಲಿ ಅದ್ದಿ, ಇಂಚರಳ ಬಾಯಿಯ ಹತ್ತಿರ ಹಿಡಿದಳು.

"ಬೇಡ ಅಜ್ಜಿ. ಹೊಟ್ಟೆ ತುಂಬಿದೆ," ಎಂದಿತು ಮಗು.

ಅಮ್ಮನ ಕೈ ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ನನ್ ಕೈತುತ್ತು ಬ್ಯಾಡ್ವಾಯ್ತಾ ಕಂದ ನಿಂಗೆ? ನಾನೇನ್ ಮಾಡಿದ್ನವ್ವ ನಿಂಗೆ? ಅಲ್ಲಿ ಹಿಂಗೆ ಹೇಳ್ಕೊಟ್ಟು ಕಳ್ಸವ್ರಾ?"

ಇಂಚರ ಅಜ್ಜಿಯ ಮುಖ ನೋಡಿದಳು. ಅಪ್ಪನ ಮುಖ ನೋಡಿದಳು. ಅವನು ಕತ್ತು ಬಗ್ಗಿಸಿದ್ದ. ನನ್ನ ಮುಖ ನೋಡಿದಳು. ನಾನು, ಬಲವಂತ ಮಾಡಬೇಡಿ ಎಂದು ಊರಿಗೆಲ್ಲ ಹೇಳುವವಳು, "ಅಜ್ಜಿ ಪಾಪ ಅಲ್ವಾ, ಒಂದೇ ಒಂದು ತುತ್ತು ತಿನ್ನು ಪುಟ್ಟಿ," ಎಂದೆ. ಅವಳು ಬಾಯಿ ತೆರೆದಳು. ಒಂದು ತುತ್ತು ಹೋಗಿ ಇಡೀ ಮುದ್ದೆಯಾಯಿತು. ಅಮ್ಮ ಅಳುತ್ತಲೇ ನಕ್ಕಳು, ನಾವೆಲ್ಲ ನಕ್ಕೆವು. ಲೋಕೇಶ ಫೋಟೊ ತೆಗೆದ. ಅದು ಆ ಬೇಸಿಗೆಯ ಮೊದಲ ಫೋಟೊ.

ಹಾಗೆ ಒಲೆಮನೆ ಅಮ್ಮನದಾಯಿತು. ಅಜ್ಜಿಗೊಂದು ಜಾಗ ಸಿಕ್ಕಿತೆಂದರೆ ಅಪ್ಪನಿಗೂ ಒಂದು ಬೇಡವೇ? ಒಂದು ಗಂಟೆಗೆ ರೈಲುಬೋಗಿ. ಹಳೆಯ ರೈಲಿನ ಬೋಗಿಯನ್ನೇ ತಂದು ನಿಲ್ಲಿಸಿದಂತೆ ಕಟ್ಟಿದ್ದರು, ನೀಲಿ ಬಣ್ಣ, ಎದುರುಬದುರು ಸೀಟು. ಕಿಟಕಿಯಲ್ಲಿ ಗಾಜಿನ ಬದಲು ಟೀವಿ ಪರದೆ, ಅದರಲ್ಲಿ ಗದ್ದೆ, ಸೇತುವೆ, ಬೆಟ್ಟ ಓಡುತ್ತಿದ್ದವು. ಕೂತಲ್ಲೇ ಕೂತು ಎಲ್ಲಿಗೋ ಹೋಗುತ್ತಿದ್ದೇವೆಂದು ಅನಿಸುತ್ತಿತ್ತು. ಲೋಕೇಶನಿಗೆ ಮಗಳ ಹತ್ತಿರ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿದ್ದಾಗ ಅವಳು ಏಳುವ ಮೊದಲು ಅಂಗಡಿಗೆ ಹೋಗಿ, ಮಲಗಿದ ಮೇಲೆ ಬರುತ್ತಿದ್ದವನು. ಆದರೆ ಬೋಗಿಯಲ್ಲಿ ಅವನ ಕೈಗೆ ಒಂದು ಮೆನು ಸಿಗುತ್ತಿತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಮಗಳಿಗೆ ಓದಿ ಹೇಳುತ್ತಿದ್ದ. ಗೋಬಿ ಮಂಚೂರಿ, ನೂಡಲ್ಸ್, ಪನ್ನೀರು, ರುಮಾಲಿ ರೊಟ್ಟಿ. ಅವನು ಅವಳ ಜೊತೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಏನ್ ಬೇಕೋ ತಗೋ ಮಗ್ಳೆ. ಎರಡೆರಡು ತಗೋ," ಎನ್ನುತ್ತಿದ್ದ.

ಅವಳು ಒಂದನ್ನು ಬೆರಳಿಟ್ಟು ತೋರಿಸಿದರೆ ಮೂರು ಬರುತ್ತಿದ್ದವು. ಅವಳು ತಿನ್ನುವುದನ್ನು ನೋಡುತ್ತ ಅವನು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದ. ತಮ್ಮನ ಮುಖದಲ್ಲಿ ಅಂಥ ನೆಮ್ಮದಿ ನೋಡಿ ನನಗೂ ಕಣ್ಣು ತುಂಬುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನಾಲ್ಕು ಗಂಟೆ ನನ್ನದು. ಇಗ್ಲೂ. ಅಮ್ಮ ಮರದಡಿ ಸೆರಗು ಹಾಸಿ ಒರಗಿರುತ್ತಿದ್ದಳು, ಲೋಕೇಶ ಫೋನಿನಲ್ಲಿ ಅಂಗಡಿ ನಡೆಸುತ್ತಿರುತ್ತಿದ್ದ. ಹೊರಗೆ ಶಿರಾದ ಬಿಸಿಲು, ಒಳಗೆ ಎಸಿಯ ತಂಪು, ನಾನು, ಅವಳು. ಕಾಯುತ್ತಿದ್ದದ್ದು ಆ ಒಂದು ಗಂಟೆಗೇ. ದೊಡ್ಡ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಮೂರು ಬಣ್ಣದ ಐಸ್‌ಕ್ರೀಮ್ ಹಾಕಿ ತರುತ್ತಿದ್ದರು. ಒಂದೇ ಲೋಟ, ಎರಡು ಚಮಚ. ಐದು ಗಂಟೆಗೆ ಅವಳನ್ನು ಹೊಂಗೆಮರದ ಕೆಳಗೆ ಬಿಟ್ಟು ಬರುವಾಗ ಅವಳ ಬಾಯಲ್ಲಿ ಕೊನೆಯದಾಗಿ ನಾನು ಕೊಟ್ಟ ಸಿಹಿ ಇರಬೇಕೆಂಬ ಸ್ವಾರ್ಥ ನನಗಿತ್ತು.

ಫೋಟೊಗಳೆಲ್ಲ ವಕೀಲರಿಗೆ ಹೋಗುತ್ತಿದ್ದವು. ಮಗು ಎಷ್ಟು ಖುಷಿಯಾಗಿ ತಿನ್ನುತ್ತದೆ ನೋಡಿ ಎಂದು.

ಇನ್ನು ನೀರಾಟ. ಉಂಡ ಮೇಲೆ ಒಂದು ಗಂಟೆ ನೀರಿಗೆ ಇಳಿಯಬಾರದೆಂದು ಅಮ್ಮನ ಕಟ್ಟಪ್ಪಣೆ. ಮುದ್ದೆ ಉಂಡು ಗಂಟೆ ಕಳೆಯುವಷ್ಟರಲ್ಲಿ ಬೋಗಿಯ ಹೊತ್ತಾಗುತ್ತಿತ್ತು. ಬೋಗಿಯಿಂದ ಇಳಿದು ಗಂಟೆ ಕಳೆಯುವಷ್ಟರಲ್ಲಿ ಲೋಕೇಶನಿಗೆ ಚಿಪ್ಸು, ಕಬ್ಬಿನ ಹಾಲು ಕಾಣುತ್ತಿದ್ದವು. ಆಮೇಲೆ ಇಗ್ಲೂ. ಮಗು ಕೊಳದ ಕಟ್ಟೆಯ ಮೇಲೆ ಕೂತು, ಜಾರಿ ಬಂದು ದೊಪ್ಪೆಂದು ನೀರಿಗೆ ಬೀಳುವ ಬೇರೆ ಮಕ್ಕಳನ್ನು ನೋಡುತ್ತಿತ್ತು. ಕಾಲು ಮಾತ್ರ ನೀರಲ್ಲಿ. ಮುಂದಿನ ಸಲ, ಮುಂದಿನ ಸಲ ಎನ್ನುತ್ತಿದ್ದೆವು. ಅದು ಹಟ ಮಾಡಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಮೂವರೂ ಹೆಮ್ಮೆಪಟ್ಟೆವು.

ಯುಗಾದಿ ಕಳೆದ ಮೇಲಿನ ಭಾನುವಾರ ರುದ್ರಪ್ಪನವರು ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದರು. "ಹೋದ್ಸಲ ಮನೆ ಮುಟ್ಟೋದ್ರಾಗೆ ವಾಂತಿ ಕಣಮ್ಮ, ಅದರ ಹಿಂದಿನ ಸಲಾನೂ ಅಷ್ಟೆ. ಇಲ್ಲಿಂದು ಊಟ ಒಗ್ಗಲ್ಲೇನೋ. ಕೊಂಚಂ ನೋಡ್ಕೊಳ್ರಿ."

ಆ ಮನುಷ್ಯ ಬೇಡಿಕೊಳ್ಳುವ ದನಿಯಲ್ಲೇ ಹೇಳಿದ್ದರು. ನನಗೆ ಕೇಳಿಸಿದ್ದು ಬೇರೆ. ಜೂನ್ ಹತ್ತಿರ ಬರುತ್ತಿದೆ, ಇವರು ಕಾರಣ ಹುಡುಕುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. "ನಮ್ ಹತ್ರ ಇರೋವಾಗ ಚೆನ್ನಾಗೇ ಇರ್ತಾಳೆ. ಕಾರಲ್ಲಿ ನೀವು ಹೆಂಗೆ ಕರ್ಕೊಂಡ್ ಹೋಗ್ತೀರೋ," ಎಂದುಬಿಟ್ಟೆ. ಅವರು ಕಾರಿನ ಬಾಗಿಲು ಹಾಕಿಕೊಂಡರು. ಅಮ್ಮ ಮಾತ್ರ ಇದು ಕಣ್ಣಾಸರೆಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ಕೇಳಿ ತಂದು, ಪಾರ್ಕಿಂಗಿನಲ್ಲಿ ಮಗುವನ್ನು ನಿಲ್ಲಿಸಿ ದೃಷ್ಟಿ ತೆಗೆದಳು. ಆಮೇಲೆ ಅದೇ ಕೈಯಿಂದ ಒಂದು ಮುದ್ದೆ ಜಾಸ್ತಿ ಉಣ್ಣಿಸಿದಳು, ಮಗು ಸೊರಗಿದೆ ಎಂದು.

ಮೇ ತಿಂಗಳ ಮೊದಲ ಭೇಟಿ. ಕಲ್ಲುಬಂಡೆಗಳೆಲ್ಲ ಕಾದು ಕೂತಿದ್ದ ದಿನ. ಇಗ್ಲೂದಲ್ಲಿ ಕರೆಂಟು ಹೋಗಿತ್ತು. ಎಸಿ ನಿಂತು ಗುಮ್ಮಟದೊಳಗೆ ಬೇಗೆ ಕೂತಿತು. ಐಸ್‌ಕ್ರೀಮು ಲೋಟದಲ್ಲೇ ಕರಗುತ್ತಿತ್ತು. ಇಂಚರ ಚಮಚ ಹಿಡಿದು ಅದನ್ನೇ ನೋಡುತ್ತಿದ್ದಳು. ಹಣೆಯಲ್ಲಿ ಬೆವರು, ತುಟಿ ಬಿಳಿಚಿಕೊಂಡಿತ್ತು.

"ಬೇಗ ತಿನ್ನು ಪುಟ್ಟಿ, ನೀರಾಗೋಗುತ್ತೆ," ಎಂದೆ.

"ತಿಂತೀನಿ ಅತ್ತೆ. ಒಂದ್ನಿಮಿಷ. ಜಾಗ ಆಗ್ಲಿ."

"ಜಾಗ ಆಗ್ಲಿ ಅಂದ್ರೆ?"

ಅವಳು ಹೊಟ್ಟೆ ಮುಟ್ಟಿ ತೋರಿಸಿದಳು. ಗುಟ್ಟು ಹೇಳುವಂತೆ ಅಲ್ಲ, ಮನೆಪಾಠ ಒಪ್ಪಿಸುವಂತೆ ಹೇಳಿದಳು. "ಬೆಳಿಗ್ಗೆ ಅಮ್ಮ ನಾಲ್ಕು ಇಡ್ಲಿ ತಿನ್ಸ್ತಾಳೆ. ಇಲ್ಲಿ ನಾನು ಹಸ್ಕೊಂಡಿರ್ತೀನಿ ಅಂತ ಅಮ್ಮಂಗೆ ಭಯ. ಮುದ್ದೆ ತಿಂದ್ರೆ ಅಜ್ಜಿಗೆ ಖುಷಿ. ನೂಡಲ್ಸ್ ತಿಂದ್ರೆ ಅಪ್ಪಂಗೆ ಖುಷಿ. ಇದು ತಿಂದ್ರೆ ನಿಮ್ಗೆ ಖುಷಿ. ತಾತ ಕಾರಲ್ಲಿ ಚಿತ್ರಾನ್ನ ಇಟ್ಕೊಂಡಿರುತ್ತೆ, ಅಮ್ಮ ಕಳಿಸಿರೋದು. ಅದೂ ತಿನ್ಬೇಕು. ಇಲ್ಲಾಂದ್ರೆ ಅಲ್ಲಿ ಎಲ್ಲಾ ತಿಂದಿದೀಯಾ, ನಮ್ದು ಬೇಡ್ವಾ ಅಂತಾರೆ."

"ನಿಂಗೆ ಯಾವ್ದು ಖುಷಿ?"

ಆ ಪ್ರಶ್ನೆಗೂ ಸರಿಯುತ್ತರ ಒಂದಿರಬೇಕು, ಅದು ತನಗೆ ತಿಳಿದಿಲ್ಲ ಎನ್ನುವಂತೆ ನನ್ನ ಮುಖ ಹುಡುಕಿದಳು.

"ಗೊತ್ತಿಲ್ಲ ಅತ್ತೆ," ಎಂದು ಹೇಳಿ ಚಮಚ ಬಾಯಿಗಿಟ್ಟಳು.

ಇಲ್ಲಿಗೆ ನಾನು ಎದ್ದು ಹೋಗಿ ಎಲ್ಲರಿಗೂ ಹೇಳಿದೆ ಎಂದು ಬರೆಯಬೇಕೆಂದು ಆಸೆ. ಹೇಳಲಿಲ್ಲ. ಹೇಳಿದರೆ ವಾಂತಿಯ ಮಾತು ನಿಜವೆಂದು ನಾವೇ ಒಪ್ಪಿಕೊಂಡಂತೆ. ಇಷ್ಟು ದಿನ ಕಳಿಸಿದ ಫೋಟೊಗಳೇ ನಮಗೆ ತಿರುಗಿ ಬೀಳುತ್ತವೆ. ಜೂನ್ ಕೈತಪ್ಪುತ್ತದೆ, ದಸರಾ ಕೈತಪ್ಪುತ್ತದೆ. ಅಮ್ಮನಿಗೆ ಹೇಗೆ ಹೇಳಲಿ, ಮಡಿ ಮುರಿದು ಉಂಡವಳಿಗೆ? ಮೆನು ಓದುವ ಆ ಒಂದು ಮಾತನ್ನೂ ಕಸಿದುಕೊಂಡರೆ ಲೋಕೇಶ ಏನು ಮಾಡಿಯಾನು? ಹೀಗೆಲ್ಲ ಅವರ ಹೆಸರು ಹೇಳಿಕೊಂಡೆ. ನಿಜವೇನೆಂದರೆ ನನ್ನ ನಾಲ್ಕು ಗಂಟೆಯನ್ನು ಬಿಟ್ಟುಕೊಡಲು ನನಗೇ ಮನಸ್ಸಿರಲಿಲ್ಲ. ಮುಂದಿನ ಭೇಟಿಯಲ್ಲಿ ನಾನು ಮಾಡಿದ್ದು ಇಷ್ಟೇ: ದೊಡ್ಡ ಲೋಟದ ಬದಲು ಚಿಕ್ಕ ಲೋಟ ಹೇಳುವುದೆಂದುಕೊಂಡು ಹೊರಟೆ. ಏನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಸಮಾಧಾನವೂ ಇತ್ತು.

ಅವತ್ತು ನಾಲ್ಕು ಗಂಟೆ ಬರಲೇ ಇಲ್ಲ. ಬೋಗಿಯಲ್ಲಿ ಕೂತಿದ್ದೆವು. ಪರದೆಯ ಮೇಲೆ ಯಾವುದೋ ಹೊಳೆ, ಸೇತುವೆ ಓಡುತ್ತಿದ್ದವು. ಲೋಕೇಶ ಮಗಳ ತಟ್ಟೆಗೆ ಇನ್ನೊಂದು ಸಲ ನೂಡಲ್ಸ್ ಬಡಿಸುತ್ತಿದ್ದ. ಇಂಚರ ಎದ್ದು ನಿಂತಳು. "ಅಪ್ಪಾ, ರೈಲು ನಿಲ್ಸು," ಎಂದಳು. ಅಷ್ಟೇ. ವಾಂತಿ ಮಾಡಿಕೊಂಡು ಅವನ ಕಾಲ ಮೇಲೇ ಕುಸಿದಳು. ನಿಲ್ಲದೆ ಬಂತು. ಕೊನೆಗೆ ಬರೀ ಹಸಿರು ನೀರು, ಕಣ್ಣು ಮೇಲಕ್ಕೆ.

ಲೋಕೇಶ ಅವಳನ್ನು ಎತ್ತಿಕೊಂಡು ಗೇಟಿನವರೆಗೆ ಓಡಿದ. ರುದ್ರಪ್ಪನವರ ಕಾರೇ ಹತ್ತಿರವಿತ್ತು, ಅದರಲ್ಲೇ ಶಿರಾದ ಒಂದು ಆಸ್ಪತ್ರೆಗೆ ಹೋದೆವು. ಅನಿತಾ ತವರಿಗೆ ಹೋದ ಮೇಲೆ ಮೊದಲ ಸಲ ಎರಡೂ ಮನೆಯವರು ಒಂದೇ ಕಾರಿನಲ್ಲಿ. ಡ್ರಿಪ್ ಹಾಕಿದರು. ಫೋನು ಹೋಗಿ ಅನಿತಾ ಪಾವಗಡದಿಂದ ಬಂದಳು. ಚಪ್ಪಲಿ ಎರಡೂ ಬೇರೆ ಬೇರೆ ಜೋಡಿಯವು. ನಮ್ಮನ್ನು ನೋಡದೆ ಮಗಳ ತಲೆಯ ಹತ್ತಿರ ಹೋಗಿ ನಿಂತಳು.

ಸಂಜೆ ಐದರ ಹೊತ್ತಿಗೆ ಡಾಕ್ಟರು ಬಂದರು. ವಯಸ್ಸಾದವರು. ಹೊಟ್ಟೆ ಒತ್ತಿ ನೋಡಿ, "ಏನ್ ತಿಂದೆ ಮರಿ ಇವತ್ತು?" ಎಂದು ಮಗುವನ್ನೇ ಕೇಳಿದರು.

ಇಂಚರ ಕಣ್ಣು ತೆರೆದು ಸುತ್ತ ನೋಡಿದಳು. ಅಪ್ಪ, ಅಮ್ಮ, ಅಜ್ಜಿ, ತಾತ, ನಾನು. ಎಲ್ಲರೂ ಒಂದೇ ಕಡೆ ಇದ್ದೆವು. ಯಾರಿಗೆ ಖುಷಿಯಾಗುವ ಉತ್ತರ ಹೇಳಬೇಕು?

"ಏನೂ ತಿಂದಿಲ್ಲ," ಎಂದಳು.

ಡಾಕ್ಟರು ನಮ್ಮ ಕಡೆ ತಿರುಗಿದರು. ಆಗ ನಾನು ಹೇಳಿದೆ. ಬೆಳಿಗ್ಗೆ ನಾಲ್ಕು ಇಡ್ಲಿ ಎಂದೆ. ಅನಿತಾ ಚಕ್ಕನೆ ನನ್ನ ಕಡೆ ನೋಡಿದಳು. ಹನ್ನೊಂದೂವರೆಗೆ ಮುದ್ದೆ, ಸೊಪ್ಪಿನ ಸಾರು, ತುಪ್ಪ ಎಂದೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದು ಗಂಟೆಗೆ ಗೋಬಿ, ನೂಡಲ್ಸು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಐಸ್‌ಕ್ರೀಮೂ ಆಗಿರುತ್ತಿತ್ತು, ಅದು ನಾನು ಕೊಡುವುದು, ಎಂದೆ.

"ಕಾರ್ನಾಗೆ ಚಿತ್ರಾನ್ನ ಐತೆ ಸಾರ್," ಎಂದರು ರುದ್ರಪ್ಪನವರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಅದು ನಾನು ತಿನ್ಸೋದು."

ಡಾಕ್ಟರು ಕನ್ನಡಕ ತೆಗೆದರು. "ಇದು ಮಗು ಕಣ್ರಪ್ಪ. ಹುಂಡಿ ಅಲ್ಲ, ಬಂದೋರೆಲ್ಲ ಹಾಕಿ ಹೋಗೋಕೆ," ಎಂದು ಹೇಳಿ ಹೊರಗೆ ಹೋದರು.

ಅನಿತಾ ಮೂಲೆಯಲ್ಲಿದ್ದ ಮಗುವಿನ ಚೀಲ ತೆಗೆದು, ಒಳಗಿನಿಂದ ಈಜುವ ಬಟ್ಟೆ ಹೊರತೆಗೆದಳು. ಮಡಿಕೆಯೇ ಬಿಚ್ಚಿರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಜಗಳ ಆಡುತ್ತಾಳೆಂದು ನಾನು ಕಾಯುತ್ತಿದ್ದೆ, ಆಡಿದ್ದರೆ ಸುಲಭವಾಗುತ್ತಿತ್ತು.

"ಒಂದಿನಾನೂ ಒದ್ದೆ ಆಗಿ ಬರ್ಲಿಲ್ಲ ಇದು," ಎಂದಳು, ಯಾರನ್ನೂ ನೋಡದೆ. "ನೀವು ನೀರಿಗೆ ಬಿಡ್ತಿಲ್ಲ ಅಂತ ಕೋಪ ಬರ್ತಿತ್ತು. ಬೆಳಿಗ್ಗೆ ಬೇಡ ಅಮ್ಮಾ ಅಂತ ಇವ್ಳು ಅಂದ್ರೂ ಇಡ್ಲಿ ತುರುಕ್ತಿದ್ದೆ, ನಿಮ್ಮ ಮೇಲಿನ ಕೋಪಕ್ಕೆ."

ಜೂನ್ ಬಂತು. ಅದಕ್ಕೆ ಒಂದು ವಾರ ಮುಂಚೆಯೇ ಲೋಕೇಶ ವಕೀಲರ ಬಳಿ ಹೋಗಿ, ದಸರಾ ರಜೆ ಕೇಳುವುದು ಬೇಡ ಎಂದು ಹೇಳಿ ಬಂದಿದ್ದ. ಪಾವಗಡದಲ್ಲೇ, ಮಗು ಎಲ್ಲಿ ಎನ್ನುತ್ತದೋ ಅಲ್ಲಿ, ಎರಡು ಗಂಟೆ ಸಾಕು ಎಂದನಂತೆ. ಅಮ್ಮ ಕೂಗಾಡಿದಳು.

"ಬುಟ್ಬುಟ್ಯೇನ್ಲಾ ಮಗೀನ?"

"ಬುಟ್ಟಿಲ್ಲ ಕಣಮ್ಮ," ಎಂದ ಅವನು. "ಎಲ್ರೂ ಸ್ಯಾನೆ ಗಟ್ಟಿಯಾಗಿ ಹಿಡ್ಕಂಡ್ಬುಟ್ಟಿದ್ವಿ. ಅದ್ಕೆ."

ಅವನು ಮನಸ್ಸು ಬಿಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೋರ್ಟಿನಲ್ಲಿ ಮಗುವನ್ನು ಕೇಳುವ ಪ್ರಸಂಗವೇ ಬರಲಿಲ್ಲ. ಯಾರ ಜೊತೆ ಖುಷಿ ಎಂದು ಅವಳು ಯಾರಿಗೂ ಹೇಳಬೇಕಾಗಲಿಲ್ಲ. ಅಷ್ಟನ್ನಾದರೂ ನಾವು ಅವಳಿಗೆ ಕೊಟ್ಟೆವು ಎಂದುಕೊಳ್ಳುತ್ತೇನೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಲೋಕೇಶ ಒಬ್ಬನೇ ಪಾವಗಡಕ್ಕೆ ಹೋಗತೊಡಗಿದ. ಕೈಯಲ್ಲಿ ಒಂದು ನೀರಿನ ಬಾಟಲಿ ಬಿಟ್ಟರೆ ಏನೂ ಒಯ್ಯುತ್ತಿರಲಿಲ್ಲ. ಯಾವುದೋ ಶಾಲೆಯ ಮೈದಾನದಲ್ಲಿ ಕೂರುತ್ತಿದ್ದರಂತೆ. ಮೊದಲ ಕೆಲವು ಸಲ ಇಬ್ಬರೂ ಸುಮ್ಮನೆ ಕೂತು ಎದ್ದುಬಂದರಂತೆ. ಬೋರ್‌ವೆಲ್ಲಿಗೆ ಮೋಟಾರು ಹೇಗೆ ಇಳಿಸುತ್ತಾರೆ ಎಂದು ಒಂದು ದಿನ ಅವಳೇ ಕೇಳಿದಳಂತೆ. ಅದೊಂದು ವಿಷಯ ಅವನಿಗೆ ಗೊತ್ತಿತ್ತು. ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಎರಡು ಗಂಟೆ ಹೇಳಿದನಂತೆ.

ಮೂರು ವರ್ಷ ಅಮ್ಮನೂ ನಾನೂ ಅವಳನ್ನು ಹೆಚ್ಚಾಗಿ ಫೋನಿನಲ್ಲೇ ಕಂಡೆವು. ಹಬ್ಬದ ದಿನ ಅಮ್ಮ ಹೋಳಿಗೆ ತಟ್ಟುತ್ತ, ಕೈ ನಿಲ್ಲಿಸಿ, ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ನನ್ನ ಮೊಬೈಲಿನಲ್ಲಿ ಆ ಬೇಸಿಗೆಯ ನೂರಾರು ಫೋಟೊ ಇನ್ನೂ ಇವೆ. ಒಮ್ಮೆ ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಒಂದರಲ್ಲೂ ಮಗುವಿನ ಬಾಯಿ ಖಾಲಿ ಇಲ್ಲ.

ನಾಲ್ಕನೇ ವರ್ಷ ಅವಳೇ ಅಪ್ಪನ ಹತ್ತಿರ, ಮಧುಗಿರಿಗೆ ಬರಲಾ ಎಂದು ಕೇಳಿದಳು. ಅನಿತಾ ಕಳಿಸಿದಳು. ಊಟದ ಹೊತ್ತಿಗೆ ಅಮ್ಮ ಪಾತ್ರೆಗಳನ್ನೆಲ್ಲ ತಂದು ಅವಳ ಮುಂದಿಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ದೂರ ಹೋಗಿ ಕೂತಳು. "ನಿಂಗೆ ಬೇಕಾದ್ದು ನೀನೇ ಹಾಕ್ಕಳವ್ವ," ಎಂದಳು. ಆ ಕೈಗಳು ಸೆರಗಿನೊಳಗೆ ಚಡಪಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇಂಚರ ಒಂದು ಸೌಟು ಅನ್ನ, ಸ್ವಲ್ಪ ಮಜ್ಜಿಗೆ ಹಾಕಿಕೊಂಡು ಉಂಡು ಎದ್ದಳು. ಅಮ್ಮ ತುಟಿ ಕಚ್ಚಿಕೊಂಡು ಕೂತಿದ್ದಳು. ಅಮ್ಮ ಅದಕ್ಕಿಂತ ಕಷ್ಟದ ವ್ರತ ಹಿಡಿದದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಅಮ್ಮ ಹಾಸಿಗೆ ಹಿಡಿದಳು. ಊಟ ಸೇರುತ್ತಿರಲಿಲ್ಲ. ಬೇಸಿಗೆ ರಜೆಗೆ ಬಂದಿದ್ದ ಇಂಚರ ಒಂದು ಮಧ್ಯಾಹ್ನ ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು ಅಜ್ಜಿಯ ಪಕ್ಕ ಕೂತಳು. ಹನ್ನೊಂದು ವರ್ಷದ ಹುಡುಗಿ, ಉದ್ದ ಜಡೆ. ಒಂದು ಚಮಚ ಕುಡಿಸಿ, ಅಮ್ಮ ನುಂಗುವವರೆಗೂ ಕಾದು, "ಸಾಕಾ ಅಜ್ಜಿ?" ಎಂದಳು.

"ಹಾಕು ಕಂದ," ಎಂದಳು ಅಮ್ಮ.

ಇನ್ನೊಂದು ಚಮಚ. "ಸಾಕಾ?"

"ಹಾಕು. ಚೆನ್ನಾಗೈತೆ."

ನಮಗೆ ಬೆಳಗಿನಿಂದ ಎರಡು ಗುಟುಕು ಕುಡಿಸಲು ಆಗಿರಲಿಲ್ಲ. ಮೂರನೆಯ ಚಮಚಕ್ಕೆ ಅಮ್ಮನ ಗಂಟಲು ಎಳೆದುಕೊಂಡಿತು. ಹಣೆಯಲ್ಲಿ ಬೆವರು ಮೂಡಿತು. ಆದರೂ ಬಾಯಿ ತೆರೆದಳು, ಮೊಮ್ಮಗಳ ಮುಖವನ್ನೇ ನೋಡುತ್ತ, ನಗಲು ಹವಣಿಸುತ್ತ.

ಇಂಚರ ಚಮಚವನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಕಿಟಕಿಯ ಮೇಲಿಟ್ಟಳು. ಅಜ್ಜಿಯ ತುಟಿ ಒರೆಸಿದಳು.

"ಸುಳ್ಳು ಹೇಳ್ಬೇಡ ಅಜ್ಜಿ," ಎಂದಳು. "ನಂಗೆ ಗೊತ್ತಾಗುತ್ತೆ."

ಅಮ್ಮ ಅವಳ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, "ಸಾಕು ಕಂದ," ಎಂದಳು.